ಕೆಂಪು ಹೋಗುವ ಹೊತ್ತು

ಟೆರೆನ್ಸ್ ಸೂಕ್‌ರಾಜನ ಬೀರುವಿನಲ್ಲಿ ಅಂಗಿಗಳಿಗಿಂತ ದುರ್ಬೀನುಗಳೇ ಹೆಚ್ಚು. ಸಂಬಳದಲ್ಲಿ ಉಳಿದದ್ದೆಲ್ಲ ಅವಕ್ಕೇ. ತರುವಾಗ ಒಂದೊಂದೂ ಬಂಗಾರ. ತಿಂಗಳೊಪ್ಪತ್ತಿನಲ್ಲಿ ‘ಸತ್ತ ಗಾಜು’ ಅನ್ನಿಸಿಕೊಂಡು ಬೀರು ಸೇರುತ್ತಿತ್ತು. ಇನ್ನೂ ಯಾಕೆ ಮದುವೆಯಾಗಿಲ್ಲ ಎಂದು ಯಾರಾದರೂ ಕೇಳಿದರೆ, ಹುಡುಗಿ ನೋಡೋಕೆ ಸರಿಯಾದ ಗಾಜು ಸಿಕ್ಕಿಲ್ಲ ಅನ್ನುತ್ತಿದ್ದ. ಅದನ್ನು ತಮಾಷೆಗೆ ಹೇಳುತ್ತಿದ್ದನೆಂದು ಅವನೇ ನಂಬಿದ್ದ.

ಪೋರ್ಟ್ ಆಫ್ ಸ್ಪೇನ್ ಪಟ್ಟಣದ ಹತ್ತಿರದ ಕರೋನಿ ಜೌಗಿನಲ್ಲಿ ಅವನು ತನ್ನ ಸೋದರಮಾವ ಹರಿಲಾಲನ ದೋಣಿಯ ಆಳು. ಹರಿಲಾಲ ಊರಿಗೆಲ್ಲ ಮಾಮು. ಸಂಜೆ ಜನರನ್ನು ಹತ್ತಿಸಿಕೊಂಡು, ನೀರಲ್ಲೇ ಬೇರುಬಿಟ್ಟ ಕಾಂಡ್ಲಾ ಗಿಡಗಳ ನಡುವೆ ಹಾದು, ಕೆಂಪು ಐಬಿಸ್ ಹಕ್ಕಿಗಳು ರಾತ್ರಿ ತಂಗಲು ನಡುಗಡ್ಡೆಗೆ ಇಳಿಯುವುದನ್ನು ತೋರಿಸಿ ಕರೆತರುವುದು ಅವರ ಕಸುಬು. ಹಿಂದೆ ಕೂತು ಎಂಜಿನ್ ಹಿಡಿದವನು ಆಳು. ಮುಂದೆ ನಿಂತು ಕೈತೋರಿಸುವವನು ಯಜಮಾನ. ಮಾಮುವಿನ ಮಂಡಿ ಕೈಕೊಟ್ಟಿತ್ತು. ಮುಂದಿನ ಜಾಗ ಅಕ್ಕನ ಮಗನಿಗೋ, ಇನ್ನೊಬ್ಬ ಆಳು ಶೆಲ್ಡನ್‌ಗೋ ಎಂಬುದು ತೀರ್ಮಾನವಾಗಬೇಕಿತ್ತು. ಟೆರೆನ್ಸ್ ಬದುಕಿನಲ್ಲಿ ಆಸೆಪಟ್ಟ ಎತ್ತರ ಅಷ್ಟೇ, ದೋಣಿಯ ಮುಂತುದಿ.

ಗಾಜು ನೋಡುವುದನ್ನು ಮಾಮುವೇ ಕಲಿಸಿದ್ದ. ದುರ್ಬೀನನ್ನು ಕೈಚಾಚಿ ಬೆಳಕಿಗೆ ಹಿಡಿದರೆ ಕಣ್ಣಿಡುವ ಕಡೆ ಒಂದು ಬೆಳಕಿನ ಬಿಲ್ಲೆ ಕಾಣುತ್ತದೆ. ದುಂಡಗಿದ್ದರೆ ಸರಿ, ಮೂಲೆ ಕತ್ತರಿಸಿದಂತಿದ್ದರೆ ಒಳಗಿನ ಪಟ್ಟಕ ಅಗ್ಗದ್ದು. ಆಕಾಶಕ್ಕೆದುರಾಗಿ ಕರೆಂಟು ಕಂಬವನ್ನು ನೋಡಬೇಕು; ಅಂಚಿಗೆ ಬಣ್ಣದ ಗೆರೆ ಹತ್ತಿಕೊಂಡರೆ ಮುಟ್ಟಬಾರದು. ಇದರಲ್ಲೆಲ್ಲ ಟೆರೆನ್ಸ್ ಪಳಗಿದವನೇ. ಕೊನೆಯ ಪರೀಕ್ಷೆ ಮಾತ್ರ ಕರೋನಿಯವರದ್ದೇ. ಹೊತ್ತು ಮುಳುಗಿದ ಮೇಲೆ ಕೊಂಬೆಯಲ್ಲಿ ಕೂತ ಒಂದು ಹಕ್ಕಿಯನ್ನು ಹಿಡಿದು ನೋಡುತ್ತಲೇ ಇರಬೇಕು. ಕತ್ತಲಲ್ಲಿ ಮೊದಲು ಸಾಯುವ ಬಣ್ಣ ಕೆಂಪು. ಒಳ್ಳೆ ಗಾಜಿನಲ್ಲಿ ಅದು ಇನ್ನೊಂದಿಷ್ಟು ಹೊತ್ತು ಜೀವ ಹಿಡಿದಿರುತ್ತದೆ. ಕಪ್ಪಾದ ಕೂಡಲೇ ಮಾಮು ‘ಹೋಯ್ತು’ ಅನ್ನುತ್ತಿದ್ದ. ಅವನ ಬೆನ್ನಿಗೇ ಟೆರೆನ್ಸೂ ‘ಹೋಯ್ತು’ ಅನ್ನುತ್ತಿದ್ದ.

ಟೆರೆನ್ಸ್ ಯಾರಿಗೂ ಹೇಳದ ಮಾತೆಂದರೆ, ಅವನಿಗೆ ಆ ಕೆಂಪು ಹೋಗುವುದಿರಲಿ, ಬಂದದ್ದೇ ಕಂಡಿರಲಿಲ್ಲ. ಕಾಡಿಗೆ ಬೆಂಕಿ ಬಿದ್ದಂತಿದೆ ಎಂದು ದೋಣಿಯಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿಯುವಾಗ ಅವನಿಗೆ ಕಾಣುತ್ತಿದ್ದದ್ದು ಮಬ್ಬು ಎಲೆಗಳ ಮೇಲೆ ಅದೇ ಬಣ್ಣದ ಮಬ್ಬು ಮುದ್ದೆಗಳು. ದುಡ್ಡು ಕೊಟ್ಟು ಬಂದವರು ಒಂದಿಷ್ಟು ಉಬ್ಬಿಸಿ ಹೇಳುತ್ತಾರೆ, ಉಳಿದದ್ದು ನನ್ನ ಗಾಜಿನ ದೋಷ ಎಂದುಕೊಂಡಿದ್ದ. ಒಳ್ಳೆಯದು ಸಿಕ್ಕ ದಿನ ತನಗೂ ಬೆಂಕಿ ಕಂಡೀತು.

ಸಿಕ್ಕಿತು. ಪೋರ್ಟ್ ಆಫ್ ಸ್ಪೇನ್‌ನಿಂದ ಆಗಾಗ ಬರುವ ಮಿಸ್ ಬೊನೇರ್ ಎಂಬ ಪಕ್ಷಿಹುಚ್ಚಿನ ಹೆಂಗಸು ಅಂದು ಹೊಸ ದುರ್ಬೀನು ತಂದಿದ್ದಳು. ಇಟ್ಟುಕೊಳ್ಳಲೋ, ಅಂಗಡಿಗೆ ವಾಪಸ್ ಮಾಡಲೋ, ಕರೋನಿಯವರೇ ಹೇಳಲಿ ಎಂದಳು. ಮಾಮು ಮಂಡಿ ನೀವಿಕೊಳ್ಳುತ್ತ ಹಿಂದೆ ಕೂತು, ಇವತ್ತು ಮುಂದೆ ಟೆರಿ ನಿಲ್ಲುತ್ತಾನೆ, ಗಾಜನ್ನೂ ಅವನೇ ನೋಡುತ್ತಾನೆ ಎಂದ. ಶೆಲ್ಡನ್ ಎಂಜಿನ್ ಹಿಡಿದ.

ಬೆಳಕಿನ ಬಿಲ್ಲೆ ನಾಣ್ಯದಷ್ಟು ದುಂಡಗಿತ್ತು. ಕಂಬದ ಅಂಚು ಬ್ಲೇಡಿನಂತಿತ್ತು. ಅಂಥ ಗಾಜನ್ನು ಟೆರೆನ್ಸ್ ಜನ್ಮದಲ್ಲಿ ಮುಟ್ಟಿರಲಿಲ್ಲ. ಹಿಂಡು ಬಂತು, ಜನ ಉದ್ಗರಿಸಿದರು, ಅವನು ದುರ್ಬೀನೆತ್ತಿದ. ಬಾಗಿದ ಕೊಕ್ಕು ಕಂಡಿತು, ಕಣ್ಣು ಕಂಡಿತು, ರೆಕ್ಕೆಯ ಒಂದೊಂದು ಗರಿಯೂ ಬಿಡಿಬಿಡಿಯಾಗಿ ಕಂಡಿತು. ಒಂದೊಂದು ಗರಿಯದೂ ಎಲೆಗಳದ್ದೇ ಮಬ್ಬು ಬಣ್ಣ.

ಈ ಗಾಜಿಗೆ ದೋಷ ಹೇಳುವಂತಿರಲಿಲ್ಲ. ಆದರೂ ಕೆಲಸ ಕೆಲಸವೇ. ಗಾಜು ಒರೆಸಿ ಮತ್ತೆ ನೋಡಿದ, ತಿರುಪು ತಿರುಗಿಸಿ ನೋಡಿದ. ಹೊತ್ತು ಮುಳುಗಿತು. ಮಾಮುವಿನ ‘ಹೋಯ್ತು’ ಯಾವಾಗ ಬರುತ್ತದೋ ಎಂದು ಕಿವಿಗೊಟ್ಟು ನಿಂತ. ಇವತ್ತು ಅದನ್ನು ಹೇಳುವುದನ್ನೂ ಮಾಮು ಅವನಿಗೇ ಬಿಟ್ಟಿದ್ದ. ಸುಮ್ಮನಿದ್ದರೆ ಜನ ಏನೆಂದುಕೊಂಡಾರು ಎಂದು ಟೆರೆನ್ಸ್ ಕೊನೆಗೆ ಬಾಯಿಬಿಟ್ಟ.

“ಇನ್ನೂ ಜೀವ ಇದೆ, ಮಿಸ್. ಆ ಕೆಳಗಿನ ಕೊಂಬೇಲಿ ಬೆನ್ನು ಮಾಡಿ ಕೂತಿದೆಯಲ್ಲ, ಅದನ್ನ ನೋಡಿ. ಎಷ್ಟು ಕೆಂಪಗಿದೆ.”

ಮಿಸ್ ಬೊನೇರ್ ದುರ್ಬೀನು ಇಸಿದುಕೊಂಡು ನೋಡಿದಳು. “ಅದು ಈ ವರ್ಷದ ಮರಿ ಅಲ್ವೇನಪ್ಪ?” ಎಂದಳು ಮೆಲ್ಲಗೆ. “ಕಂದು ಬಣ್ಣದ್ದು.”

ಮರಿಗಳನ್ನು ಟೆರೆನ್ಸ್ ಗುರುತಿಸುತ್ತಿದ್ದದ್ದು ಬಿಳಿ ಹೊಟ್ಟೆಯಿಂದ. ಇದು ಹೊಟ್ಟೆ ತೋರಿಸಿರಲಿಲ್ಲ.

“ಮಾಮು, ನಿಮ್ಮ ಅಳಿಯ ಮರಿಗೂ ಬಣ್ಣ ಹೊಡೆದ,” ಎಂದು ಶೆಲ್ಡನ್ ನಕ್ಕ. ಜನರೂ ನಕ್ಕರು. ಮಾಮು ನಗಲಿಲ್ಲ.

“ಟೆರಿ, ಅದರ ಮೇಲಿನ ಕೊಂಬೇಲಿ ಒಂದಿದೆಯಲ್ಲ, ಅದು?”

ಟೆರೆನ್ಸ್ ಬರಿಗಣ್ಣಲ್ಲೇ ನೋಡಿದ. “ಅದೂ ಅಂಥದ್ದೇ, ಮಾಮು.”

ಮೇಲೆ ಕೂತದ್ದು ತುಂಬು ಕೆಂಪಿನ ಹಕ್ಕಿ. ಶೆಲ್ಡನ್‌ನ ನಗು ಅಲ್ಲಿಗೇ ನಿಂತಿತು.

ದೋಣಿ ದಡ ಮುಟ್ಟಿತು. ಜನರೆಲ್ಲ ಇಳಿದ ಮೇಲೆ ಹಗ್ಗ ಕಟ್ಟುತ್ತಿದ್ದ ಅಳಿಯನ ಹತ್ತಿರ ಮಾಮು ಬಂದ. “ಚಿಕ್ಕವನಿದ್ದಾಗ ಕ್ರಿಕೆಟ್‌ನ ಕೆಂಪು ಚೆಂಡು ಹುಲ್ಲಿಗೆ ಬಿದ್ರೆ ತರೋಕೆ ನಿನ್ನ ಕಳಿಸ್ತಿದ್ವಿ. ಬರ್ತಾನೇ ಇರ್ಲಿಲ್ಲ ನೀನು. ಕಾಲಬುಡದಲ್ಲೇ ಇರ್ತಿತ್ತು. ಸೋಮಾರಿ ನನ್ಮಗ ಅಂತ ಎಷ್ಟು ಬೈದಿದ್ದೀನೋ.”

“ಸೋಮಾರಿನೂ ಹೌದು ಬಿಡಿ, ಮಾಮು,” ಎಂದ ಟೆರೆನ್ಸ್. ಗಂಟು ಬಿಗಿದೇ ಇತ್ತು. ಬಿಚ್ಚಿ ಮತ್ತೆ ಕಟ್ಟಿದ. “ಅವರಿಗೆ ಹೇಳಿ, ಗಾಜು ಒಳ್ಳೇದಿದೆ. ವಾಪಸ್ ಮಾಡೋದು ಬೇಡ.”

ಮುಂದಿನ ಜಾಗ ಯಾರಿಗೆಂದು ಯಾರೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಮರುದಿನ ಶೆಲ್ಡನ್ ಹೋಗಿ ನಿಂತ, ಟೆರೆನ್ಸ್ ಎಂಜಿನ್ ಪಕ್ಕ ಕೂತ.

ಆ ವಾರ ಅವನು ಬೀರುವಿನಿಂದ ಹಳೆಯ ದುರ್ಬೀನುಗಳನ್ನೆಲ್ಲ ಹಾಸಿಗೆಯ ಮೇಲೆ ತೆಗೆದಿಟ್ಟ. ಒಂದಾದರೂ ಮಾರಿದರಾಯಿತು ಎಂದು ಬೆಳಕಿಗೆ ಹಿಡಿದು ನೋಡಿದರೆ, ಜೌಗಿನ ತೇವಕ್ಕೆ ಒಳಗೆಲ್ಲ ಜೇಡರ ಬಲೆಯಂಥ ಬೂಷ್ಟು. ಚೆನ್ನಾಗಿದ್ದ ಗಾಜುಗಳೆಲ್ಲ ಬೀರುವಿನಲ್ಲಿ ಕೂತು ಈಗ ನಿಜವಾಗಿಯೇ ಸತ್ತಿದ್ದವು. ಮತ್ತೆ ಒಳಗಿಟ್ಟು ಬಾಗಿಲು ಹಾಕಿದ.

ಸಂಜೆ ಹಕ್ಕಿಗಳು ಬರುವಾಗ ಜನ ಉಸಿರು ಬಿಗಿಹಿಡಿಯುತ್ತಾರೆ. ಟೆರೆನ್ಸ್ ಅವರ ಬೆನ್ನುಗಳನ್ನು ನೋಡುತ್ತ ಕೂರುತ್ತಾನೆ. ಮುಂದಿನಿಂದ ಶೆಲ್ಡನ್ ‘ಹೋಯ್ತು’ ಅಂದ ಕೂಡಲೇ ಎಂಜಿನ್ ಹಗ್ಗ ಎಳೆಯುತ್ತಾನೆ.