ಒದ್ದರೆ ಹೊರಡುವ ಕಾರು

ಒಂದು ಕಾಲದಲ್ಲಿ ನಾನೂ ಕಾರಿನ ಯಜಮಾನನಾಗಿದ್ದೆ. ಆ ಕಾರಿನಲ್ಲಿ ನಾನು ಅತಿ ಹೆಚ್ಚು ಮಾಡಿದ ಕೆಲಸವೆಂದರೆ ಪತ್ರಿಕೆ ಓದುವುದು. ಅದು ಎಪ್ಪತ್ತರ ದಶಕದ ಕೊನೆ. ಮಣಿಪಾಲದ ಶಾಲೆಯೊಂದರಲ್ಲಿ ಕನ್ನಡ ಪಂಡಿತನಾಗಿದ್ದ ನಾನು, ಊರು ಬಿಟ್ಟು ಹೊರಟಿದ್ದ ಡಾಕ್ಟರೊಬ್ಬರಿಂದ ಒಂದು ಪುಟ್ಟ ವಿಲಾಯತಿ ಕಾರು ಕೊಂಡೆ. ಎರಡೇ ಬಾಗಿಲು, ಎಂಜಿನ್ ಹಿಂದುಗಡೆ. ಮೂರನೆಯ ತಿಂಗಳಿಗೆ ಎಂಜಿನ್ ಒಡೆಯಿತು. ಅದರ ಬಿಡಿಭಾಗಗಳು ಈ ದೇಶದಲ್ಲೇ ಸಿಗುವುದಿಲ್ಲವೆಂದು ಆಮೇಲೆ ಗೊತ್ತಾಯಿತು. ಅಂದಿನಿಂದ ಅದು ಉಡುಪಿಯ ಕಡಿಯಾಳಿಯಲ್ಲಿದ್ದ ನಮ್ಮ ಮನೆಯಂಗಳದಲ್ಲಿ ನಿಂತುಬಿಟ್ಟಿತು. ಭಾನುವಾರ ಬೆಳಿಗ್ಗೆ ನಾನು ಸ್ಟಿಯರಿಂಗಿನ ಮುಂದೆ ಕುಳಿತು ಪತ್ರಿಕೆ ಓದುತ್ತಿದ್ದೆ. ಹಿಂದಿನ ಸೀಟಿನಲ್ಲಿ ಪಕ್ಕದ ಮನೆಯ ಹೇಂಟೆ ಕಾವು ಕೂತಿರುತ್ತಿತ್ತು. ದಾರಿಹೋಕರು ಎಲ್ಲಿಗೆ ಸವಾರಿ ಎಂದು ವಿಚಾರಿಸುತ್ತಿದ್ದರು. ನಾನು ನಗುತ್ತಿದ್ದೆ. ಹೇಂಟೆ ನಗುತ್ತಿರಲಿಲ್ಲ.

ಅದೇ ಹೊತ್ತಿಗೆ ಕಾಪುವಿನಲ್ಲಿ, ನನ್ನ ಅಕ್ಕ ಲೀಲಳ ಮನೆಯಲ್ಲಿ, ಇನ್ನೊಂದು ವಾಹನವೂ ಹೀಗೆಯೇ ನಿಂತಿತ್ತು. ವಾಸು ಭಾವ ಮೀನಿನ ವ್ಯಾಪಾರಿ. ಕಾಪುವಿನ ಕಡಲ ಕರೆಯಿಂದಲೂ ಕೆಮ್ಮಣ್ಣು ಎಂಬ ಊರಿನ ಹೊಳೆಬದಿಯಿಂದಲೂ ಮೀನು ಎತ್ತಿ, ದೊಡ್ಡ ಮೋಟಾರ್‌ಸೈಕಲ್ಲಿನ ಹಿಂದೆ ಪೆಟ್ಟಿಗೆ ಕಟ್ಟಿ, ಮಣಿಪಾಲ, ಕಾರ್ಕಳದ ಹೋಟೆಲುಗಳಿಗೆ ಒಯ್ಯುತ್ತಿದ್ದರು. ಒಮ್ಮೆ ಕಾರ್ಕಳದ ತಿರುವಿನಲ್ಲಿ ಜಲ್ಲಿಯ ಮೇಲೆ ಚಕ್ರ ಜಾರಿತು. ಎಡಮೊಣಕಾಲು ಪುಡಿಯಾಗಿ, ಗುಣವಾದ ಮೇಲೂ ಮಡಚದೇ ಉಳಿಯಿತು. ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಅಕ್ಕ ಹೇಳಿದಳಂತೆ, ಇನ್ನು ಈ ಬೈಕಿನ ಶಬ್ದ ಕೇಳಿದರೆ ತಾನು ತವರಿಗೆ ಹೋಗುವುದೇ ಎಂದು. ಅವಳು ಆಡಿದರೆ ಆಡಿದಂತೆಯೇ.

ವ್ಯಾಪಾರ ಭಾವನ ತಮ್ಮಂದಿರ ಪಾಲಾಯಿತು. ಭಾವ ಒಂದು ವರ್ಷ ಜಗಲಿಯಲ್ಲಿ ಕಾಲು ಚಾಚಿ ಕುಳಿತರು. ಊರಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದ ಮನುಷ್ಯ, ಊಟ ಆಯಿತೇ ಎಂದು ಕೇಳಿದರೂ ತಲೆಯಾಡಿಸಿ ಸುಮ್ಮನಾಗುತ್ತಿದ್ದರು. ದಿನಾ ಬೆಳಿಗ್ಗೆ ಬಟ್ಟೆ ತೆಗೆದುಕೊಂಡು ಬೈಕನ್ನು ಒರೆಸುವುದೊಂದೇ ಅವರ ಕೆಲಸ. ಹೊಳೆಯುವ ಬೈಕು, ಮಂಕು ಬಡಿದ ಯಜಮಾನ. ನೋಡಿ ಬಂದ ದಿನ ನನಗೆ ಊಟ ಸೇರಲಿಲ್ಲ.

ಈ ಸಂಕಟವನ್ನು ನಾನು ಹೇಳಿಕೊಂಡದ್ದು ನಮ್ಮ ಬೀದಿಯ ಮೆಕ್ಯಾನಿಕ್ ಇದಿನಬ್ಬನಲ್ಲಿ. ಅವನು ನನ್ನ ಕಾರಿನ ಹಿಂಬದಿಯನ್ನು ಬಹಳ ಹೊತ್ತು ದಿಟ್ಟಿಸಿದ. "ಮಾಸ್ಟ್ರೆ, ನಿಮ್ಮಲ್ಲಿ ಕಾರು ಉಂಟು, ಎಂಜಿನ್ ಇಲ್ಲ. ವಾಸಣ್ಣನಲ್ಲಿ ಎಂಜಿನ್ ಉಂಟು, ಕಾಲಿಲ್ಲ. ಮತ್ತೆಂತ ಯೋಚನೆ?" ಎಂದ.

ನನಗೆ ವ್ಯಾಕರಣ ಅಡ್ಡ ಬಂತು. ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಜೋಡಿಸಿದರೆ ಅದನ್ನು ಅರಿಸಮಾಸ ಎನ್ನುತ್ತಾರೆ. ಅರಿ ಎಂದರೆ ಶತ್ರು. ಕಾರಿನ ಮೈಗೆ ಬೈಕಿನ ಜೀವ ಕೂಡಿಸುವುದು ಅರಿಸಮಾಸವಲ್ಲದೆ ಇನ್ನೇನು? ಆದರೆ ಮಳೆಗಾಲದಲ್ಲೂ ಮಳೆ ಕನ್ನಡದ್ದು, ಕಾಲ ಸಂಸ್ಕೃತದ್ದು. ಹಾಗೆಂದು ನಮ್ಮ ಊರಿನಲ್ಲಿ ಮಳೆಗಾಲವೇನೂ ತಪ್ಪಿಲ್ಲ. ನಾನು ಒಪ್ಪಿಕೊಂಡೆ. ಬೈಕನ್ನು ಮಾರಲು ಕೊಡುತ್ತೇವೆಂದು ಅಕ್ಕನಿಗೆ ಸುಳ್ಳು ಹೇಳಿ ಟೆಂಪೊದಲ್ಲಿ ತರಿಸಿದೆವು.

ಎರಡು ತಿಂಗಳು ಇದಿನಬ್ಬ ತಪಸ್ಸು ಮಾಡಿದ. ಎಂಜಿನ್ನನ್ನು ಹಿಂದೆ ಕೂರಿಸಿ ಚೈನಿನಿಂದ ಚಕ್ರಕ್ಕೆ ಜೋಡಿಸಿದ. ಗಾಳಿಯಾಡಲೆಂದು ಹಿಂದಿನ ಮುಚ್ಚಳಕ್ಕೆ ಜರಡಿಯಂತೆ ತೂತು ಕೊರೆದ. ಬೈಕಿನಲ್ಲಿ ಕ್ಲಚ್ ಇರುವುದು ಕೈಯಲ್ಲಿ. ಅದನ್ನು ಹಾಗೆಯೇ ಸ್ಟಿಯರಿಂಗಿನ ಪಕ್ಕಕ್ಕೆ ತಂದ. ಭಾವನ ಎಡಗಾಲಿಗೆ ಕೆಲಸವೇ ಉಳಿಯಲಿಲ್ಲ. ಕೊರತೆ ಎರಡೇ. ಬೈಕಿಗೆ ಹಿಂದಕ್ಕೆ ಹೋಗುವ ಗೇರ್ ಇಲ್ಲ, ಆದ್ದರಿಂದ ಈ ಕಾರಿಗೂ ಇಲ್ಲ. ಇನ್ನೊಂದು, ಸ್ಟಾರ್ಟ್ ಮಾಡಲು ಯಾರಾದರೂ ಕಾರಿನ ಹಿಂದೆ ನಿಂತು, ಹೊರಗೆ ಚಾಚಿದ ಕಿಕ್ಕರನ್ನು ಒದೆಯಬೇಕು.

ಮೊದಲ ದಿನ ಇದಿನಬ್ಬ ಒದ್ದ, ಭಾವ ಓಡಿಸಿದರು, ನಾನು ಪಕ್ಕದಲ್ಲಿ ಜೀವ ಹಿಡಿದು ಕುಳಿತೆ. ಉಡುಪಿಯಿಂದ ಕಾಪುವರೆಗೂ ಭಾವ ಮಾತಾಡಿದರು. ಒಂದು ವರ್ಷದ ಮಾತು. ಅಷ್ಟೂ ನನಗೆ ಕೇಳಿಸಲಿಲ್ಲ, ಶಬ್ದ ಅಂಥದು.

ಅಕ್ಕ ಮನೆಯ ಹಿಂದೆ ಬಂಗುಡೆ ಮೀನು ಹೆಚ್ಚುತ್ತಿದ್ದಳು. ನಾವು ಓಣಿ ತಿರುಗುವ ಮೊದಲೇ ಗೇಟಿನ ಬಳಿ ಬಂದು ನಿಂತಿದ್ದಳು, ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕಾರನ್ನು ಒಂದು ಸುತ್ತು ಹಾಕಿದಳು. ಹಿಂದೆ, ಗಂಡನ ಚಪ್ಪಲಿಯಿಂದ ಸವೆದ ಕಿಕ್ಕರಿನ ರಬ್ಬರನ್ನು ಕಂಡಳು. "ನಿಲ್ಲಿಸಿ ಅದನ್ನು" ಎಂದಷ್ಟೇ ಹೇಳಿ ಒಳಗೆ ಹೋದಳು. ತವರಿಗೇನೂ ಹೋಗಲಿಲ್ಲ. ತವರೆಂದರೆ ನನ್ನ ಮನೆ, ಈ ಸಂಚಿನಲ್ಲಿ ನಾನೂ ಇದ್ದೆನಲ್ಲ. ಆದರೆ ಹತ್ತು ದಿನ ಭಾವನಲ್ಲೂ ನನ್ನಲ್ಲೂ ಮಾತಿಲ್ಲ. ನನಗೆ ಹಾಕಿದ ಚಹಾಕ್ಕೆ ಸಕ್ಕರೆಯೂ ಇರಲಿಲ್ಲ.

ಭಾವ ಆ ಕಾರಿನಲ್ಲೇ ಮತ್ತೆ ಮೀನಿನ ವ್ಯಾಪಾರಕ್ಕೆ ಹೊರಟರು. ಪಕ್ಕದ ಮನೆಯವರು ದಿನಾ ಬಂದು ಒದ್ದುಕೊಡುತ್ತಿದ್ದರು. ಒಂದು ಬೆಳಿಗ್ಗೆ ಅವರಿಗೆ ಜ್ವರ. ಭಾವ ತಾವೇ ಹಿಂದೆ ನಿಂತು, ಒಳ್ಳೆಯ ಕಾಲನ್ನು ಎತ್ತಿದರು. ಭಾರವೆಲ್ಲ ಮಡಚದ ಕಾಲಿನ ಮೇಲೆ ಬಿದ್ದು, ಅಂಗಳದಲ್ಲಿ ಉರುಳಿದರು. ಜಗಲಿಯಿಂದ ಅಕ್ಕ ಓಡಿ ಬಂದಳು. ಈಗ ಬೈಗಳ ಮಳೆ ಎಂದು ಭಾವ ಕಣ್ಣು ಮುಚ್ಚಿದರಂತೆ. ಅವಳು ಎಬ್ಬಿಸಿ, ಮೈಯ ಮಣ್ಣು ಕೊಡವಿ, "ನೀವು ಹೋಗಿ ಕೂತುಕೊಳ್ಳಿ" ಎಂದಳು. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಮೂರನೆಯ ಒದೆತಕ್ಕೆ ಎಂಜಿನ್ ಎದ್ದಿತು. ಆಮೇಲೆ ಬಾಗಿಲು ತೆಗೆದು ಪಕ್ಕದ ಸೀಟಿನಲ್ಲಿ ಕುಳಿತಳು.

"ನೀನೆಲ್ಲಿಗೆ?" ಭಾವ ಕೇಳಿದರು.

"ಕೆಮ್ಮಣ್ಣಿನಲ್ಲಿ ಬಂದ್ ಆದರೆ ಯಾರು ಒದೆಯುವುದು?"

ಹಾಗೆ ಶುರುವಾಯಿತು ನೋಡಿ. ಅವಳು ಒದೆಯಲು ಹೋದವಳು, ಚೌಕಾಶಿಯಲ್ಲೂ ಭಾವನಿಗಿಂತ ಜೋರೆಂದು ಒಂದೇ ತಿಂಗಳಲ್ಲಿ ಕಡಲ ಕರೆಗೆಲ್ಲ ಗೊತ್ತಾಯಿತು.

ಒಮ್ಮೆ ನಿಶ್ಚಿತಾರ್ಥವೊಂದಕ್ಕೆ ಮೂವರೂ ಅಜೆಕಾರಿಗೆ ಹೋಗುತ್ತಿದ್ದೆವು. ಗದ್ದೆಗಳ ನಡುವಿನ ಕಿರಿದಾದ ರಸ್ತೆಯಲ್ಲಿ ಎದುರಿಗೆ ಬಸ್ಸು. ಚಾಲಕ ಹಿಂದೆ ಹೋಗುವಂತೆ ಕೈಸನ್ನೆ ಮಾಡಿದ. ಹಿಂದೆ ಹೋಗುವ ಗೇರೇ ಇಲ್ಲ ಎಂದರೆ ಯಾರು ನಂಬುತ್ತಾರೆ? ಹಟಮಾರಿಗಳೆಂದುಕೊಂಡ ಕಂಡಕ್ಟರ್, ಇಳಿದು ಬಂದು ನೋಡಿ ತಲೆ ಚಚ್ಚಿಕೊಂಡ. ಕೊನೆಗೆ ಎಂಟು ಪ್ರಯಾಣಿಕರು ಇಳಿದು ಕಾರನ್ನು ಅನಾಮತ್ತು ಎತ್ತಿ ಬದಿಗಿಟ್ಟರು. ಜರಿ ಶಾಲು ಹೊದ್ದ ನಾನು ಹಿಂದಿನ ಸೀಟಿನಲ್ಲೇ ಇದ್ದೆ. ಇಳಿಯಬೇಕೆಂದು ಹೊಳೆಯಲೇ ಇಲ್ಲ. ಅಷ್ಟರಲ್ಲಿ ಎಂಜಿನ್ ಬಂದ್ ಆಗಿತ್ತು. ಅಕ್ಕ ರೇಷ್ಮೆ ಸೀರೆ ಸಿಕ್ಕಿಸಿ ಒದ್ದಳು. ದಾರಿ ಖಾಲಿಯಿದ್ದರೂ ಬಸ್ಸು ಹೊರಡಲಿಲ್ಲ. ಎಂಜಿನ್ ಎದ್ದ ಮೇಲೆ ಚಾಲಕ ಒಮ್ಮೆ ಹಾರ್ನ್ ಹೊಡೆದು ಮುಂದೆ ಹೋದ.

ಕಾರು ಏಳು ವರ್ಷ ಓಡಿತು. ಕಡಲ ಉಪ್ಪು ತಳವನ್ನು ತಿಂದು, ಕೂತವರಿಗೆ ರಸ್ತೆ ಕಾಣತೊಡಗಿದಾಗ ಭಾವ ಗುಂಡಿ ಒತ್ತಿದರೆ ಹೊರಡುವ ಟೆಂಪೊ ತೆಗೆದುಕೊಂಡರು. ಅದಕ್ಕೆ ಹಿಂದಿನ ಗೇರೂ ಇತ್ತು. ಅಷ್ಟಾದರೂ ಅಕ್ಕ ದಿನಾ ಬೆಳಿಗ್ಗೆ ಹೋಗಿ ಪಕ್ಕದಲ್ಲಿ ಕೂರುವುದನ್ನು ಬಿಡಲಿಲ್ಲ. ಇನ್ನು ಒದೆಯುವ ಕೆಲಸ ಇಲ್ಲವಲ್ಲ, ಮನೆಯಲ್ಲಿ ಆರಾಮವಾಗಿರಬಹುದಲ್ಲ ಎಂದು ನಾನು ಒಮ್ಮೆ ಕೇಳಿದೆ.

"ಬೈಕಿನಲ್ಲಿ ಇವರೊಬ್ಬರೇ ಹೋಗುತ್ತಿದ್ದರು ಮಾರಾಯ. ಬರುವವರೆಗೆ ನಾನು ಬಾಗಿಲಲ್ಲಿ ನಿಲ್ಲಬೇಕಿತ್ತು" ಎಂದಳು. "ಕಾಯುವುದಕ್ಕಿಂತ ಒದೆಯುವುದು ಸುಲಭ."