ಸರಳರೇಖೆಯಲ್ಲಿ ಗುವಾಹಾಟಿ

ಸಾಲೆಯಲ್ಲಿ ಭೂಗೋಳ ಕಲಿಸುವ ನನಗೊಂದು ಚಟವಿದೆ. ಮೊಬೈಲಿನಲ್ಲಿ ಯಾವುದಾದರೂ ಎರಡು ವಿಮಾನ ನಿಲ್ದಾಣಗಳ ಹೆಸರು ಬರೆದು, ನಡುವಿನ ದೂರವೆಷ್ಟು, ಹಾರಲು ಹೊತ್ತೆಷ್ಟು ಎಂದು ನೋಡುವುದು. ರಾಮದುರ್ಗದಲ್ಲಿ ಸವದತ್ತಿ ಬಸ್ಸಿಗೆ ಕಾಯುತ್ತ ನಿಂತಲ್ಲೇ ಎಷ್ಟೋ ಸಲ ಟೋಕಿಯೋ ಮುಟ್ಟಿ ಬಂದಿದ್ದೇನೆ. ವಿಮಾನವನ್ನೇ ಹತ್ತಿರಲಿಲ್ಲ ಎಂಬುದು ಬೇರೆ ಮಾತು.

ಗುವಾಹಾಟಿಯಲ್ಲಿ ನೌಕರಿಗಿರುವ ನಮ್ಮ ಕಿರಿಯ ತಮ್ಮನಿಗೆ ಮದುವೆಯಾದ ಹನ್ನೊಂದು ವರ್ಷಕ್ಕೆ ಮಗಳು ಹುಟ್ಟಿದಳು. ನಮ್ಮ ಕಡೆ ತೊಟ್ಟಿಲ ಶಾಸ್ತ್ರದಲ್ಲಿ ಕೂಸಿನ ಕಿವಿಯೊಳಗೆ ಹೆಸರು ಕೂಗುವವಳು ಸೋದರತ್ತೆ. ಕೂಗಿದ ಕೂಡಲೇ ನೆರೆದವರು ಅವಳ ಬೆನ್ನಿಗೆ ಗುದ್ದಬೇಕು. ಮುನವಳ್ಳಿಯ ನಮ್ಮ ಅಕ್ಕ ಆ ಗುದ್ದಿಗಾಗಿ ಹನ್ನೊಂದು ವರ್ಷ ಬೆನ್ನು ಕಾಯ್ದಿಟ್ಟುಕೊಂಡಿದ್ದಳು. ಹೊತ್ತಿಗೆ ಸರಿಯಾಗಿ ಅವಳನ್ನು ಮುಟ್ಟಿಸುವ ಹೊಣೆ ನನ್ನ ಮೇಲೆ ಬಿತ್ತು.

ಬೆಳಗಾವಿಯಿಂದ ಗುವಾಹಾಟಿಗೆ ಮೂರು ತಾಸು ಎಂದಿತು ಮೊಬೈಲು. ಬೆಳಿಗ್ಗೆ ಎಂಟಕ್ಕೆ ಹಾರಿದರೆ ಹನ್ನೊಂದಕ್ಕೆ ಅಲ್ಲಿ. ಹನ್ನೆರಡೂವರೆಗೆ ಶಾಸ್ತ್ರ ಇಟ್ಟುಕೋ ಎಂದು ತಮ್ಮನಿಗೆ ಖಡಾಖಂಡಿತವಾಗಿ ಹೇಳಿಬಿಟ್ಟೆ. ಮೊಬೈಲು ಹೇಳಿದ್ದು ಹಕ್ಕಿಯ ಲೆಕ್ಕ. ಆ ಎರಡೂರುಗಳ ನಡುವೆ ನೇರ ವಿಮಾನ ಇರಬೇಕೆಂಬ ಹಂಗು ಅದಕ್ಕಿಲ್ಲ. ಟಿಕೆಟ್ ಕೈಗೆ ಬಂದಾಗಲೂ ಎಷ್ಟಕ್ಕೆ ಬಿಡುತ್ತದೆ ಎಂದಷ್ಟೇ ನೋಡಿದೆ. ನಮ್ಮ ಕಡೆಯ ರೂಢಿಯೇ ಹಾಗೆ. ಬಸ್ಸು ಎಷ್ಟಕ್ಕೆ ಬಿಡುತ್ತದೆ ಎಂದು ಹತ್ತು ಮಂದಿಯನ್ನು ಕೇಳುತ್ತೇವೆ, ಎಷ್ಟಕ್ಕೆ ಮುಟ್ಟುತ್ತದೆ ಎಂದು ಯಾರೂ ಕೇಳುವುದಿಲ್ಲ. ಟಿಕೆಟಿನ ನಡುವೆ ಬೆಂಗಳೂರಿನ ಹೆಸರು ಕಂಡಿತ್ತು. ಕಿತ್ತೂರಿಗೆ ಹೋಗುವ ಬಸ್ಸು ಬೈಲಹೊಂಗಲದಲ್ಲಿ ಚಹಾಕ್ಕೆ ನಿಂತ ಹಾಗೆ ನಿಲ್ಲುತ್ತದೆ ಅಂದುಕೊಂಡೆ.

ಬೆಂಗಳೂರಿನಲ್ಲಿ ಇಳಿದ ಮೇಲೆ ತಿಳಿಯಿತು, ಮುಂದಿನ ವಿಮಾನ ಮಧ್ಯಾಹ್ನಕ್ಕೆ, ಗುವಾಹಾಟಿ ಮುಟ್ಟುವುದು ಸಂಜೆಗೆ. ನಿಲ್ದಾಣದಲ್ಲೇ ಕಾಯುತ್ತ ಹನ್ನೆರಡೂವರೆ ಆಗುತ್ತ ಬಂತು. ಗುವಾಹಾಟಿಯಲ್ಲಿ ಮಂದಿ ನೆರೆದಿದ್ದರು, ಹೊತ್ತು ಮೀರಿಸುವಂತಿರಲಿಲ್ಲ. ಅಕ್ಕನ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಅವಳು ಬುತ್ತಿಗಂಟನ್ನು ಬದಿಗಿಟ್ಟು ಸೆರಗು ಸರಿಮಾಡಿಕೊಂಡಳು.

"ಹನ್ನೊಂದು ವರ್ಷ ತಡದೇನಿ, ಇನ್ನ ತಡಿಯಾಂಗಿಲ್ಲ. ಫೋನ್ ಹಚ್ಚು," ಎಂದಳು.

ತಮ್ಮನ ಹೆಂಡತಿ ಅತ್ತ ಫೋನನ್ನು ಕೂಸಿನ ಕಿವಿಗೆ ಹಿಡಿದಳು. ಇತ್ತ ಅಕ್ಕ ಮೂರು ಸಲ "ಕುರ್ರ್... ಮಲಪ್ರಭಾ" ಎಂದು ಕೂಗಿದಳು, ಹೊಳೆಯ ಆಚೆ ದಂಡೆಯವರನ್ನು ಕರೆಯುವ ದನಿಯಲ್ಲಿ. ನಿಲ್ದಾಣದಲ್ಲಿ ಕುಳಿತವರೆಲ್ಲ ತಿರುಗಿ ನೋಡಿದರು. ಎರಡು ಸಾವಿರ ಕಿಲೋಮೀಟರ್ ಆಚೆ ಕೂಸು ಚಿಟ್ಟನೆ ಚೀರಿತು. ಸೋಬಾನೆ, ನಗು, ಎಲ್ಲ ಒಟ್ಟಿಗೇ ಕೇಳಿಸಿತು. ಅಕ್ಕ ನಗುತ್ತಲೇ ಕಣ್ಣೊರೆಸಿಕೊಂಡಳು.

"ಹೆಸರಾತು. ಗುದ್ದು ಉಳೀತು," ಎಂದಳು ಅಕ್ಕ. "ಅದು ಯಾರ ಬೆನ್ನಿಗೆ ಬೀಳಬೇಕು, ಮಾಸ್ತರ, ನೀನ ಹೇಳು."

ನಾನು ತಿರುಗಿ ಬೆನ್ನು ಕೊಟ್ಟೆ. ಸರಳರೇಖೆಯಲ್ಲಿ ಅಳೆದರೆ ಅಕ್ಕನ ಮುಷ್ಟಿಗೂ ನನ್ನ ಬೆನ್ನಿಗೂ ದೂರ ಒಂದು ಗೇಣು. ನೇರ ಹಾದಿ, ನಡುವೆ ಎಲ್ಲೂ ನಿಲ್ಲಲಿಲ್ಲ. ಹೇಳಿದ ಹೊತ್ತಿಗೆ ಸರಿಯಾಗಿ ಮುಟ್ಟಿತು.