ಹಳೆ ಟೊಪ್ಪಿಗೆಯ ಹೊಸ ಇಂಜಿನ್ನು

ನಮ್ಮ ಮನೆಯಲ್ಲಿ ಯಾವ ಡಬ್ಬಿಯೂ ತನ್ನ ಮೈಮೇಲೆ ಬರೆದ ಮಾತಿಗೆ ಬದ್ಧವಾಗಿಲ್ಲ. ಬಿಸ್ಕತ್ತಿನ ಡಬ್ಬಿಯಲ್ಲಿ ಸೂಜಿ ದಾರ, ಚಹಾಪುಡಿಯ ಡಬ್ಬಿಯಲ್ಲಿ ಮೆಂತ್ಯ, ಐಸ್‌ಕ್ರೀಮಿನ ಡಬ್ಬಿಯಲ್ಲಿ ಹುಣಸೆ ತೊಕ್ಕು. ಮನೆಗೆ ಬಂದವರ ಮಕ್ಕಳು ಆ ಡಬ್ಬಿಯನ್ನು ಆಸೆಯಿಂದ ತೆರೆದು ಅತ್ತದ್ದುಂಟು. ಮದುವೆಯಾಗಿ ಇಷ್ಟು ವರ್ಷವಾದರೂ ನಮ್ಮ ಯಜಮಾನರಿಗೆ ಸಕ್ಕರೆ ಎಲ್ಲಿದೆಯೆಂದು ಗೊತ್ತಿಲ್ಲ. ಗೊತ್ತಾಗಬಾರದೆಂದೇ ನಾನು ಡಬ್ಬಿ ಬದಲಿಸುತ್ತಿರುತ್ತೇನೆ ಎಂಬುದು ಅವರ ಆರೋಪ. ಅವರಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಆ ಆರೋಪದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ.

ಇದು ನನ್ನೊಬ್ಬಳ ಚಾಳಿಯಲ್ಲ, ನಮ್ಮ ರಾಯಚೂರಿನದೇ ಚಾಳಿ ಎಂದು ನಾನು ವಾದಿಸುತ್ತೇನೆ. ಹಳೆಯ ಪೇಟೆಯಲ್ಲಿ ಕೆತ್ತನೆಯ ದೊಡ್ಡ ಬಾಗಿಲು ನೋಡಿ ಒಳಗೆ ಯಾರೋ ನವಾಬರು ಹುಕ್ಕಾ ಸೇದುತ್ತಿರಬಹುದೆಂದು ಇಣುಕಿದರೆ ಮೊಬೈಲ್ ರಿಪೇರಿ ಅಂಗಡಿ ಕಾಣುತ್ತದೆ. ನಮ್ಮಪ್ಪನ ಕಾಲದ ಗೋಡೆ ಗಡಿಯಾರಕ್ಕೆ ಈಗ ಒಳಗೆ ಒಂದು ಸೆಲ್ಲು ಹಾಕಿದೆ. ಲೋಲಕ ಮಾತ್ರ ಇವತ್ತಿಗೂ ಎಲ್ಲ ಕೆಲಸ ತನ್ನದೇ ಎಂಬಂತೆ ತೂಗುತ್ತಿರುತ್ತದೆ. ಆತ್ಮ ಶಾಶ್ವತ, ದೇಹ ಬದಲಾಗುತ್ತದೆ ಎಂದು ತಿಳಿದವರು ಹೇಳುತ್ತಾರೆ. ನಮ್ಮ ಮನೆಗಳಲ್ಲಿ ನಡೆಯುವುದು ಅದಕ್ಕೆ ಪೂರ್ತಿ ಉಲ್ಟಾ. ದೇಹವನ್ನು ಜೋಪಾನವಾಗಿ ಇಟ್ಟುಕೊಂಡು ಆತ್ಮವನ್ನು ಅಂಗಡಿಯಿಂದ ತಂದು ಹಾಕುತ್ತೇವೆ.

ಈ ಜ್ಞಾನವನ್ನೆಲ್ಲ ನಾನು ಒಮ್ಮೆ ದೋಣಿಯ ಮೇಲೆ ಪ್ರಯೋಗ ಮಾಡಿದೆ. ಅದರ ಕಥೆ ಹೇಳುತ್ತೇನೆ.

ದೇವದುರ್ಗದ ಆಚೆ ಗೂಗಲ್‌ನಲ್ಲಿ ನನ್ನ ಸೋದರಮಾವ ನಿಂಗಪ್ಪ ಕೃಷ್ಣಾ ಹೊಳೆಯಲ್ಲಿ ದೋಣಿ ನಡೆಸುತ್ತಾನೆ. ಸೇತುವೆಯೇನೋ ಇದೆ. ಆದರೆ ಆಚೆ ದಂಡೆಯಲ್ಲಿ ಹೊಲವಿರುವ ಹೆಣ್ಣುಮಕ್ಕಳಿಗೆ ಅದು ಸುತ್ತುದಾರಿ, ಅವರಿಗೆ ಮಾವನ ದೋಣಿಯೇ ಬೇಕು. ದೋಣಿಯ ಹಿಂದೆ ನೀರಿಗಿಳಿಬಿಟ್ಟು ಬಿಗಿಯುವ ಹಳೆಯ ಇಂಜಿನ್ನು. ನಮ್ಮಜ್ಜ ಯಾವನೋ ಗುತ್ತೇದಾರನಿಂದ ಕೊಂಡದ್ದು. ಅದರ ತಲೆಯ ಮೇಲೆ ನೀರಿನ ಕೊಡದಷ್ಟು ದೊಡ್ಡದಾದ ಅಲ್ಯುಮಿನಿಯಂ ಮುಚ್ಚಳ. ಹಸಿರು ಬಣ್ಣ, ಅಲ್ಲಲ್ಲಿ ತಗ್ಗು. ಅದನ್ನು ನಾವೆಲ್ಲ ಟೊಪ್ಪಿಗೆ ಎನ್ನುತ್ತಿದ್ದೆವು. ಪ್ರತಿ ಅಮಾವಾಸ್ಯೆಗೆ ಮಾವ ಅದಕ್ಕೆ ಮೈತೊಳೆದು, ವಿಭೂತಿ ಬಳಿದು, ಕುಂಕುಮ ಹಚ್ಚಿ ಕಾಯಿ ಒಡೆಯುತ್ತಿದ್ದ. ಉಳಿದ ದಿನ ಬಾಯಿ ತುಂಬ ಬೈಯುತ್ತಿದ್ದ. ಬೈಸಿಕೊಳ್ಳದೆ ಆ ಇಂಜಿನ್ನು ಎಂದೂ ಶುರುವಾದದ್ದಿಲ್ಲ. ಮಾವನ ಬೈಗುಳ ಕೇಳಿದ ಮೇಲೆಯೇ ಹೆಂಗಸರು ಬುತ್ತಿ ಎತ್ತಿಕೊಂಡು ದಂಡೆಗೆ ಇಳಿಯುತ್ತಿದ್ದರು, ಅವರು ಬರುವಷ್ಟರಲ್ಲಿ ಇಂಜಿನ್ನು ಏಳುತ್ತಿತ್ತು.

ಆ ಇಂಜಿನ್ನು ಒಂದು ದಿನ ಒಳಗೇ ಸೀಳಿಹೋಯಿತು. ಇನ್ನು ಗುಜರಿಗೇ ಎಂದು ನೋಡಿದವರೆಲ್ಲ ಹೇಳಿದರು. ಅತ್ತೆ ಎರಡು ಮಾತು ಆಡದೆ ಆಡು ಮಾರಿ ಹೊಸ ಮೋಟಾರು ತರಿಸಿದಳು. ಹಗ್ಗ ಒಮ್ಮೆ ಜಗ್ಗಿದರೆ ಸಾಕು, ಹೊಸದು ಗುರ್ ಎಂದು ಎದ್ದು ನಿಲ್ಲುತ್ತಿತ್ತು. ಅದೇ ಅದರ ದೊಡ್ಡ ತಪ್ಪಾಯಿತು. ಕೆಲವು ದಿನಕ್ಕೆ ಅತ್ತೆಯ ಫೋನು ಬಂತು.

"ಯವ್ವಾ, ನಿಮ್ಮ ಮಾವ ಹೊಳಿ ಕಡಿ ಮಾರಿ ಮಾಡಿ ಕುಂದ್ರವಲ್ಲ. ಉಣ್ಣಂದ್ರ ಉಣ್ತಾನ, ಮಾತಾಡಂದ್ರ ಮಾತಾಡವಲ್ಲ. ದೋಣಿ ಯಾರಿಗರೆ ಕೊಟ್ಟುಬಿಡ್ತೀನಿ ಅಂತಾನ."

ನಾವು ಹೋದಾಗ ಮಾವ ಹೊಳೆಗೆ ಬೆನ್ನು ಮಾಡಿ ಬೇವಿನ ಮರದ ಕೆಳಗೆ ಕುಳಿತಿದ್ದ. ಹೊಳೆಯ ದಂಡೆಯಲ್ಲಿ ಹುಟ್ಟಿದವನು ಹೊಳೆಗೆ ಬೆನ್ನು ಮಾಡಿ ಕೂರುವುದನ್ನು ನಾನು ಎಂದೂ ನೋಡಿರಲಿಲ್ಲ. ಏನಾಯ್ತು ಮಾವಾ ಎಂದರೆ, "ಅದಕ್ಕ ನಾ ಬೇಕಾಗೇ ಇಲ್ಲಲ್ಲವ್ವಾ. ಯಾರು ಹಗ್ಗ ಜಗ್ಗಿದ್ರೂ ನಡೀತದ. ಪ್ಲಾಸ್ಟಿಕಿಗೆ ಏನಂತ ಕಾಯಿ ಒಡೀಲಿ" ಎಂದ.

ನಾನು ಕೇಳಿಸಿಕೊಂಡದ್ದು ಕೊನೆಯ ಮಾತನ್ನು ಮಾತ್ರ. ಡಬ್ಬಿಗಳ ವಿಷಯದಲ್ಲಿ ನಾನು ಪಂಡಿತೆ. ಹೊಸ ಮೋಟಾರಿನ ಪ್ಲಾಸ್ಟಿಕ್ ತಲೆ ತೆಗೆದು ಅದಕ್ಕೆ ಹಳೆಯ ಟೊಪ್ಪಿಗೆ ಕೂರಿಸಿದರೆ ಆಯಿತಲ್ಲ ಎಂದೆ. ನಮ್ಮ ಯಜಮಾನರು ಕೂಡಲೇ ಅಂಗಿಯ ತೋಳು ಮಡಚಿ ಸಿದ್ಧರಾದರು. ಅವರು ಮಾನ್ವಿಯವರು, ಕಾಲುವೆಯ ನೀರು ಮಾತ್ರ ಕಂಡವರು, ಕಾಲೇಜಿನ ಕಚೇರಿಯಲ್ಲಿ ಕೆಲಸ. ದೋಣಿಯ ವಿಷಯ ಏನೂ ಗೊತ್ತಿಲ್ಲದ್ದರಿಂದ ಅವರಿಗೆ ಯಾವ ಅಡಚಣೆಯೂ ಕಾಣಲಿಲ್ಲ.

ದೇವದುರ್ಗದ ವೆಲ್ಡಿಂಗ್ ಅಂಗಡಿಗೆ ಮೋಟಾರನ್ನು ಟಂಟಂ ಆಟೋದಲ್ಲಿ ಅವರು ಒಯ್ದರು. ಟೊಪ್ಪಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ನಾನು ಹೋದೆ. ಅದರ ಮೇಲಿನ ವಿಭೂತಿ ಕುಂಕುಮ ನೋಡಿ ಪಕ್ಕದ ಮುದುಕಿ ಮುಟ್ಟಿ ಕಣ್ಣಿಗೊತ್ತಿಕೊಂಡು, "ಇದು ಯಾವ ದೇವರಬೇ?" ಎಂದಳು. ಹೊಳೆ ದಾಟಿಸುವ ದೇವರು ಎಂದೆ. ಸುಳ್ಳೇನೂ ಅಲ್ಲ. ಆಮೇಲೆ ಬಸ್ಸಿನಲ್ಲಿದ್ದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಬಂದು ಮುಟ್ಟಿ ಹೋದರು. ಕಂಡಕ್ಟರು ಮಾತ್ರ ದೇವರಿಗೆ ಲಗೇಜಿನ ಟಿಕೇಟು ಹರಿದ.

ಹೊಸ ಮೋಟಾರಿನ ತಲೆ ಸಣ್ಣದು, ಟೊಪ್ಪಿಗೆ ದೊಡ್ಡದು. ಅಣ್ಣನ ಅಂಗಿ ತಮ್ಮನಿಗೆ ಹಾಕಿದ ಹಾಗೆ ಅಲುಗಾಡುತ್ತಿತ್ತು. ಒಳಗೆ ಪಟ್ಟಿ ಬೆಸೆದು, ರಬ್ಬರು ತುರುಕಿ, ಬೋಲ್ಟು ಹಾಕಿ ನಿಲ್ಲಿಸಿದರು. ಮೋಟಾರಿಗೆ ಗಾಳಿ ಬೇಕೆಂದು ಹಿಂಬದಿಗೆ ಸಾಲಾಗಿ ತೂತು ಕೊರೆದರು. ವಿಭೂತಿಯ ಪಟ್ಟಿಗೆ ಡ್ರಿಲ್ಲು ತಾಕದಂತೆ ಯಜಮಾನರು ಅಂಗೈ ಅಡ್ಡ ಹಿಡಿದು ನಿಂತಿದ್ದರು. ಆ ತೂತುಗಳನ್ನು ಕಂಡು ಊರಲ್ಲಿ ಅತ್ತೆ ಮಾತ್ರ ಮುಖ ಹಿಂಡಿದಳು, "ಎಷ್ಟು ಗಾಯಾ ಮಾಡ್ಯಾರ ನೋಡ" ಎಂದಳು.

ದೋಣಿಯ ಹೆಂಗಸರು ಹಳೆ ಮಿಷನ್ನೇ ಬಂತೆಂದು ಸಂತೋಷಪಟ್ಟರು. ಸದ್ದು ಬೇರೆ ಎಂಬುದು ಅವರಿಗೆ ತಿಳಿಯಲಿಲ್ಲವೆಂದಲ್ಲ, ಅದನ್ನು ಬಾಯಿಬಿಟ್ಟು ಹೇಳುವಷ್ಟು ಒರಟರಲ್ಲ. ಮಾವನೂ ಹಾಗೆಯೇ. ನಮ್ಮ ಮನಸ್ಸು ನೋಯಬಾರದೆಂದು ದೋಣಿ ಹತ್ತಿದ, ದಾಟಿಸಿದ, ಇಳಿದ. ಒಂದು ಬೈಗುಳವಿಲ್ಲ. ನಮ್ಮ ದೊಡ್ಡ ಕೆಲಸ ನೆಲಕ್ಕೆ ಬಿದ್ದಿತ್ತು, ನಾನು ಒಪ್ಪಿಕೊಂಡಿರಲಿಲ್ಲ ಅಷ್ಟೆ.

ಮುಂದಿನ ಅಮಾವಾಸ್ಯೆಗೆ ಮತ್ತೆ ಹೋದೆವು. ಪೂಜೆಗೆ ಮಾವನ ಕೈಯೇ ಏಳಲಿಲ್ಲ. ಅತ್ತೆ ಅಷ್ಟಕ್ಕೆ ಬಿಡುವವಳಲ್ಲ. ಹಸಿರು ಕುಬಸದ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಬೇರು ತಂದು ಟೊಪ್ಪಿಗೆಗೆ ಉಡಿ ತುಂಬಿದಳು. "ಹೊಸದಾಗಿ ಮನಿಗೆ ಬಂದಾಕಿನ್ನ ಬರಿ ಉಡೀಲೆ ಹೆಂಗ ಹೊಳಿಗೆ ಕಳಸೂದು" ಎನ್ನುತ್ತ ಖಣವನ್ನು ಸುತ್ತಿ, ಆ ಗಾಯಗಳು ಕಾಣದಂತೆ ಹಿಂದೆ ಬಿಗಿದು ಗಂಟು ಹಾಕಿದಳು. ನೋಡಲು ಎಷ್ಟು ಲಕ್ಷಣವಾಗಿತ್ತೆಂದರೆ ನಾನು ಫೋಟೋ ತೆಗೆದೆ.

ಹೊಲಕ್ಕೆ ಹೊರಟ ಹೆಂಗಸರ ಜೊತೆ ನಾವಿಬ್ಬರೂ ದೋಣಿ ಹತ್ತಿದೆವು. ನಟ್ಟ ನಡು ಹೊಳೆಯಲ್ಲಿ ಮೋಟಾರು ಒಮ್ಮೆ ಕೆಮ್ಮಿ ನಿಂತುಹೋಯಿತು. ದೋಣಿ ಮೆಲ್ಲಗೆ ಅಡ್ಡಾಯಿತು. ಹೆಂಗಸರು ದೋಣಿಯ ಅಂಚು ಹಿಡಿದರು, ನಮ್ಮ ಯಜಮಾನರು ಪೆಟ್ರೋಲಿನ ಕಲಬೆರಕೆಯ ಬಗ್ಗೆ ಮಾತು ಶುರುಮಾಡಿದರು. ಮಾವ ಹುಟ್ಟು ಹಾಕಿ ದೋಣಿಯನ್ನು ನೇರ ಮಾಡಿದ. ಆಮೇಲೆ ಬಗ್ಗಿ ಟೊಪ್ಪಿಗೆಯ ಹಿಂದೆ ಕೈಯಾಡಿಸಿದ. ಖಣದ ಬಟ್ಟೆ ಗಾಳಿಯ ಸೆಳೆತಕ್ಕೆ ತೂತುಗಳೊಳಕ್ಕೆ ಹೋಗಿ ಅಂಟಿತ್ತು.

ಆಗ ಬಂತು ನೋಡಿ. "ಏನಲೇ ಮಬ್ಬ, ಉಸಿರು ಕಟ್ಟಿದ್ರ ಹೇಳಾಕ ಬರಂಗಿಲ್ಲೇನಲೇ ನಿನಗ? ಆಕಿ ಪ್ರೀತೀಲೆ ಕಟ್ಟಿದ್ಲು ಅಂತ ಸಾಯಾಕತ್ತಿದ್ದೇನು?" ಮುಂದಿನದನ್ನು ಬರೆಯಲು ಬರುವುದಿಲ್ಲ. ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು, ಒಬ್ಬಾಕೆಯ ಕಣ್ಣಲ್ಲಿ ನೀರಿತ್ತು. ಮಾವ ಖಣ ಬಿಚ್ಚಿ ಅಕ್ಕಿಯನ್ನು ಹೊಳೆಗೆ ಹಾಕಿದ. ಬೋಲ್ಟು ಕಳಚಿ ಟೊಪ್ಪಿಗೆಯನ್ನೇ ತೆಗೆದು ನನ್ನ ಮಡಿಲಲ್ಲಿಟ್ಟ. "ಹಿಡಿಯವ್ವಾ. ಅದರ ತಲಿ ಅದಕ್ಕ ಇರಲಿ."

ಹಗ್ಗ ಜಗ್ಗಿದರೆ ಮೋಟಾರು ಏಳಲಿಲ್ಲ. ಮತ್ತೆ ಬೈದ, ಮತ್ತೆ ಜಗ್ಗಿದ. ಎದ್ದಿತು. ಮಾವ ಸುತ್ತ ಎಲ್ಲರ ಮುಖ ನೋಡಿದ. ಅಳಿಯನೋ ಮಗನೋ ನಾಲ್ಕು ಜನರೆದುರು ತಪ್ಪು ಮಾಡಿದಾಗ ಹಿರಿಯರ ಮುಖದಲ್ಲಿ ಬರುವ ಸಿಟ್ಟಿದೆಯಲ್ಲ, ಅದು ಅಲ್ಲಿತ್ತು. ಅವನು ಹೊಳೆಗೆ ಬೆನ್ನು ಮಾಡಿದ್ದು ಟೊಪ್ಪಿಗೆಗಾಗಿ ಎಂದು ತಿಳಿದ ನನ್ನ ಜಾಣತನಕ್ಕೆ ಆಗ ನಾಚಿಕೆಯಾಯಿತು. ಎಂದೂ ಕೈಕೊಡದ್ದನ್ನು ಅವನು ಹೇಗೆ ತನ್ನದೆಂದುಕೊಳ್ಳಬೇಕಿತ್ತು?

ಹೊಸ ಮೋಟಾರಿನ ಪ್ಲಾಸ್ಟಿಕ್ ತಲೆ ಇಷ್ಟು ದಿನ ದೋಣಿಯೊಳಗಿನ ನೀರು ಎತ್ತಿ ಚೆಲ್ಲಲು ಬಳಕೆಯಾಗುತ್ತಿತ್ತು. ಆಚೆ ದಂಡೆ ಮುಟ್ಟಿದ ಮೇಲೆ ಮಾವ ಅದನ್ನು ತೊಳೆದು, ಟವೆಲಿನಿಂದ ಒರೆಸಿ, ಮೋಟಾರಿನ ಮೇಲೆ ಕೂರಿಸಿದ. ಸೊಂಟದ ಚೀಲದಿಂದ ವಿಭೂತಿಯ ಗಟ್ಟಿ ತೆಗೆದು, ನೀರಲ್ಲಿ ಅದ್ದಿ, ಬೆರಳಗಲಿಸಿ ನಿಧಾನವಾಗಿ ಎಳೆದ. ಪ್ಲಾಸ್ಟಿಕ್ಕಿನದು ಹಾಲಿನಂಥ ಬಿಳಿ ಬಣ್ಣ.

ನಮ್ಮ ಯಜಮಾನರಿಗೆ ಸುಮ್ಮನಿರಲು ಬರುವುದಿಲ್ಲ. "ಮಾವಾ, ಬಿಳಿ ಮ್ಯಾಲ ವಿಭೂತಿ ಕಾಣಂಗಿಲ್ರಿ" ಎಂದರು.

ಮಾವ ಹಿಂದಿರುಗಿ ನೋಡಲಿಲ್ಲ. "ಕಾಣಲಿ ಅಂತ ಹಚ್ಚಾಕತ್ತಿಲ್ರೀ ಅಳಿಯಾರ" ಎಂದ.